ರೋಗಿಯ ಉತ್ತರಗಳಿಂದ ಜೀವನ ಗುಣಮಟ್ಟದ ಅಂಕ ಪಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಬಂಧ ಬರೆಯುತ್ತಿರುವ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು, ಸಮುದಾಯ ಆರೋಗ್ಯ ವಿಭಾಗದವರು, ಚಿಕಿತ್ಸೆಯ ವೆಚ್ಚ ಮತ್ತು ಫಲವನ್ನು ತೂಗುವ ಸಂಶೋಧಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹೆಚ್ಚಿನ ಉದಾಹರಣೆಗಳು ಇಕ್ಯೂ-5ಡಿ ಪ್ರಶ್ನಾವಳಿಯವು. ಜಗತ್ತಿನಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಬಳಕೆಯಾಗುವುದು ಅದೇ, ಭಾರತದ ಜನರ ಅಭಿಪ್ರಾಯದಿಂದಲೇ ತಯಾರಾದ ಮೌಲ್ಯಪಟ್ಟಿಯೂ (ಒಂದೊಂದು ಆರೋಗ್ಯ ಸ್ಥಿತಿಗೆ ಎಷ್ಟು ಅಂಕ ಎಂದು ಹೇಳುವ ಪಟ್ಟಿ) ಅದಕ್ಕಿದೆ.

ನಮ್ಮ ಪ್ರಶ್ನಾವಳಿ 0ಯಿಂದ 100ರವರೆಗೆ ಅಂಕ ಕೊಡುತ್ತದೆ. ಅದನ್ನು ನೂರರಿಂದ ಭಾಗಿಸಿದರೆ ಯುಟಿಲಿಟಿ ಅಂಕ ಸಿಗುವುದಿಲ್ಲವೇ?

ಇಲ್ಲ. ಅತಿ ಹೆಚ್ಚು ಕಾಣುವ ತಪ್ಪು ಇದೇ. ಯುಟಿಲಿಟಿ ಅಂಕದಲ್ಲಿ 1 ಎಂದರೆ ಪೂರ್ಣ ಆರೋಗ್ಯ, 0 ಎಂದರೆ ಸಾವಿಗೆ ಸಮನಾದ ಸ್ಥಿತಿ. ಈ ಎರಡು ಗೂಟಗಳ ನಡುವೆ ಒಂದೊಂದು ಆರೋಗ್ಯ ಸ್ಥಿತಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಜನರನ್ನು ಕೇಳಿಯೇ ನಿರ್ಧರಿಸಿರುತ್ತಾರೆ. ಕ್ಯಾನ್ಸರ್ ರೋಗಿಗಳಿಗೆ ಬಳಸುವ ಕ್ಯೂಎಲ್‌ಕ್ಯೂ-ಸಿ30ರಲ್ಲಿ 0 ಎಂದರೆ ಆ ಪ್ರಶ್ನೆಗಳಿಗೆ ಬರಬಹುದಾದ ಕನಿಷ್ಠ ಉತ್ತರ, ಅಷ್ಟೇ. ಅಲ್ಲಿ ಸಾವಿನ ಮಾತೇ ಇಲ್ಲ. ಅದರ ರೋಗಲಕ್ಷಣದ ಭಾಗಗಳಲ್ಲಂತೂ ಹೆಚ್ಚು ಅಂಕ ಎಂದರೆ ಹೆಚ್ಚು ತೊಂದರೆ, ದಿಕ್ಕೇ ತಿರುಗಿರುತ್ತದೆ.

ಇಕ್ಯೂ-5ಡಿಯ ಜೊತೆಗೆ ಬರುವ 0–100ರ ಅಳತೆಪಟ್ಟಿಗೂ ಇದೇ ಮಾತು. ರೋಗಿ ಅಲ್ಲಿ 70ರ ಹತ್ತಿರ ಗುರುತು ಹಾಕಿದರೆ ಅದು ಅವರ ಸ್ವಂತ ಅಂದಾಜು. ಅದನ್ನು ಹಾಗೆಯೇ ವರದಿ ಮಾಡಿ. 0.70 ಎಂದು ಬರೆದು ಕ್ವಾಲಿ (ಯುಟಿಲಿಟಿ ಅಂಕದಿಂದ ತೂಗಿದ ಆಯುಷ್ಯದ ವರ್ಷ) ಲೆಕ್ಕಕ್ಕೆ ಸೇರಿಸಬೇಡಿ.

ಇಕ್ಯೂ-5ಡಿಯಲ್ಲಿ ಏನೇನಿರುತ್ತದೆ?

ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಚಟುವಟಿಕೆ, ನೋವು ಅಥವಾ ಅಸ್ವಸ್ಥತೆ, ಆತಂಕ ಅಥವಾ ಖಿನ್ನತೆ ಎಂಬ ಐದು ಆಯಾಮಗಳು. ಹಳೆಯ 3ಎಲ್ ರೂಪದಲ್ಲಿ ಪ್ರತಿ ಆಯಾಮಕ್ಕೆ ಮೂರು ಹಂತ, ಒಟ್ಟು 243 ಸ್ಥಿತಿಗಳು. 5ಎಲ್ ರೂಪದಲ್ಲಿ ಐದು ಹಂತ, 3,125 ಸ್ಥಿತಿಗಳು. ಉತ್ತರಗಳನ್ನು ಸಾಲಾಗಿ ಬರೆದರೆ 21232 ಥರದ ಐದಂಕಿಯ ಸ್ಥಿತಿ-ಸಂಖ್ಯೆ ಸಿಗುತ್ತದೆ. ಕೇಳುವುದು ಇವತ್ತಿನ ಸ್ಥಿತಿಯನ್ನು ಮಾತ್ರ. ಕಳೆದ ವಾರವನ್ನೋ ತಿಂಗಳನ್ನೋ ಅಲ್ಲ. ಕೀಮೋಥೆರಪಿಯ ಮರುದಿನ ಕೇಳಿದರೆ ಒಂದು ಉತ್ತರ, ಎರಡು ವಾರ ಬಿಟ್ಟು ಕೇಳಿದರೆ ಇನ್ನೊಂದು. ಆದ್ದರಿಂದ ಯಾವ ದಿನ ಕೇಳಬೇಕೆಂಬುದನ್ನು ಅಧ್ಯಯನದ ಯೋಜನೆಯಲ್ಲೇ ಬರೆದಿಡಿ.

ಸ್ಥಿತಿ-ಸಂಖ್ಯೆಯಿಂದ ಅಂಕಕ್ಕೆ ಹೋಗುವುದು ಹೇಗೆ? ಒಂದು ಲೆಕ್ಕ ಮಾಡಿ ತೋರಿಸಿ.

ಬ್ರಿಟನ್ನಿನ ಹಳೆಯ 3ಎಲ್ ಮೌಲ್ಯಪಟ್ಟಿಯನ್ನು ತೆಗೆದುಕೊಳ್ಳೋಣ. 1993ರಲ್ಲಿ ಅಲ್ಲಿನ ಸಾಮಾನ್ಯ ಜನರನ್ನು ಸಂದರ್ಶಿಸಿ ತಯಾರಿಸಿ, 1997ರಲ್ಲಿ ಪ್ರಕಟಿಸಿದ ಪಟ್ಟಿ ಇದು. ಸೂತ್ರ ಸರಳ, ಕೈಯಲ್ಲೇ ಲೆಕ್ಕ ಹಾಕಬಹುದು.

ಸ್ಥಿತಿ 21232 ಎಂದುಕೊಳ್ಳಿ. 1ರಿಂದ ಆರಂಭಿಸಿ. ಯಾವುದಾದರೂ ಒಂದು ಆಯಾಮದಲ್ಲಿ ತೊಂದರೆಯಿದ್ದರೆ ಮೊದಲು 0.081 ಕಳೆಯಬೇಕು. ಓಡಾಟ 2ನೇ ಹಂತ: 0.069. ಸ್ವಂತ ಆರೈಕೆ 1ನೇ ಹಂತ, ಏನೂ ಕಳೆಯುವುದಿಲ್ಲ. ಚಟುವಟಿಕೆ 2: 0.036. ನೋವು 3: 0.386. ಆತಂಕ 2: 0.071. ಎಲ್ಲಾದರೂ ಒಂದು 3 ಇದ್ದರೆ ಹೆಚ್ಚುವರಿಯಾಗಿ ಒಮ್ಮೆ 0.269. ಎಲ್ಲವನ್ನೂ ಕೂಡಿದರೆ 0.912, ಉಳಿಯುವುದು 0.088.

ಇದೇ ರೋಗಿಯ ನೋವು 3ರ ಬದಲು 2 ಎಂದಿದ್ದರೆ? 0.386ರ ಜಾಗದಲ್ಲಿ 0.123 ಬರುತ್ತದೆ, 0.269 ಬಿಟ್ಟುಹೋಗುತ್ತದೆ. ಅಂಕ 0.620. ಒಂದೇ ಗುರುತು ಬದಲಾಗಿದ್ದಕ್ಕೆ 0.532ರಷ್ಟು ವ್ಯತ್ಯಾಸ! ದತ್ತಾಂಶ ತುಂಬುವಾಗ ಆಗುವ ಒಂದು ಕೈತಪ್ಪು ಎಷ್ಟು ದುಬಾರಿ ಎಂದು ಇದರಿಂದ ತಿಳಿಯುತ್ತದೆ. ಕಡೇ ಪಕ್ಷ ಹತ್ತರಲ್ಲೊಂದು ಕಾಗದವನ್ನಾದರೂ ಇಬ್ಬರು ಬೇರೆಬೇರೆಯಾಗಿ ನಮೂದಿಸಿ ತಾಳೆ ನೋಡಿ.

ಕರ್ನಾಟಕದ ರೋಗಿಗಳಿಗೆ ಯಾವ ಮೌಲ್ಯಪಟ್ಟಿ ಬಳಸಬೇಕು?

5ಎಲ್ ಬಳಸಿ, ಭಾರತದ ಪಟ್ಟಿಯಿಂದ ಅಂಕ ತೆಗೆಯಿರಿ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ಸಂಶೋಧಕರ ನೇತೃತ್ವದಲ್ಲಿ ನಡೆದ ಡಿವೈನ್ ಅಧ್ಯಯನದ ಪಟ್ಟಿ 2022ರಲ್ಲಿ ಪ್ರಕಟವಾಯಿತು. ಐದು ರಾಜ್ಯಗಳಿಂದ 3,548 ವಯಸ್ಕರನ್ನು ಆರಿಸಿ ನಡೆಸಿದ ಸಮೀಕ್ಷೆ ಅದು. ಅದರಲ್ಲಿ 11111ಕ್ಕೆ 1, 55555ಕ್ಕೆ −0.923. ಐದು ಆಯಾಮಗಳಲ್ಲಿ ಅಂಕವನ್ನು ಅತಿ ಹೆಚ್ಚು ಇಳಿಸುವುದು ನೋವು.

ಈ ಪಟ್ಟಿ ಬರುವ ಮೊದಲು ಇಲ್ಲಿನ ಅಧ್ಯಯನಗಳು ಬೇರೆ ದೇಶಗಳ ಪಟ್ಟಿಗಳನ್ನು ಎರವಲು ತರುತ್ತಿದ್ದವು. ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆ, ಆದ್ದರಿಂದ ಮಂಡ್ಯದ ರೈತರೊಬ್ಬರ ಮಂಡಿನೋವಿನ ಅಂಕವನ್ನು ಬ್ರಿಟನ್ನಿನ ಜನರ ಒಲವಿನಿಂದ ಲೆಕ್ಕ ಹಾಕುವುದಕ್ಕೆ ಕಾರಣ ಉಳಿದಿಲ್ಲ. ಹಳೆಯ ಅಧ್ಯಯನದ ಜೊತೆ ಹೋಲಿಸಲೇಬೇಕಾದರೆ ಎರಡೂ ಪಟ್ಟಿಗಳಿಂದ ಲೆಕ್ಕ ಹಾಕಿ ಬೇರೆಬೇರೆ ಕೋಷ್ಟಕದಲ್ಲಿ ಕೊಡಿ. ಒಂದು ಪಟ್ಟಿಯ ಸರಾಸರಿಯನ್ನು ಇನ್ನೊಂದರ ಸರಾಸರಿಯಿಂದ ಕಳೆದು ‘ಸುಧಾರಣೆ’ ಎಂದು ಕರೆಯುವಂತಿಲ್ಲ.

ಅಂಕ ಸೊನ್ನೆಗಿಂತ ಕೆಳಗೆ ಹೋಗುವುದೆಂದರೆ ಏನು? ಅದನ್ನು 0 ಮಾಡಬಹುದೇ?

ಮೌಲ್ಯಪಟ್ಟಿ ತಯಾರಿಸುವಾಗ ಜನರ ಮುಂದೆ ಒಂದು ಆಯ್ಕೆ ಇಡುತ್ತಾರೆ: ಈ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದೋ, ಪೂರ್ಣ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ವರ್ಷ ಬದುಕುವುದೋ? ಏಳು ವರ್ಷದ ಹತ್ತಿರ ಎರಡೂ ಸಮ ಎನಿಸಿದರೆ ಆ ಸ್ಥಿತಿಯ ಬೆಲೆ 0.7. ಕೆಲವು ಸ್ಥಿತಿಗಳಲ್ಲಿ ಬದುಕುವುದಕ್ಕಿಂತ ಸಾವೇ ಮೇಲು ಎಂದು ಜನ ಹೇಳುತ್ತಾರೆ. ಅಂಥ ಸ್ಥಿತಿಗಳಿಗೆ ಆಯ್ಕೆಯ ರೂಪ ಬದಲಿಸಿ −1ರವರೆಗೆ ಅಳೆಯುತ್ತಾರೆ. ಋಣ ಅಂಕ ಬರುವುದು ಅಲ್ಲಿಂದ. ಅದನ್ನು 0ಗೆ ಏರಿಸಿದರೆ ಅತಿ ಕಷ್ಟದಲ್ಲಿರುವ ರೋಗಿಗಳ ಚೇತರಿಕೆ ಲೆಕ್ಕದಿಂದ ಅಳಿಸಿಹೋಗುತ್ತದೆ. ಬದಲಿಸಬೇಡಿ.

3ಎಲ್ ಸೂತ್ರಕ್ಕೆ 5ಎಲ್ ಉತ್ತರ ಹಾಕಬಹುದೇ?

ಬೇಡ. 3ಎಲ್‌ನಲ್ಲಿ 3 ಎಂದರೆ ತುದಿಯ ಹಂತ, 5ಎಲ್‌ನಲ್ಲಿ ಅದು ಮಧ್ಯದ ಹಂತ. ಎರಡರ ನಡುವೆ ಅಂಕ ಬದಲಿಸಲು ಪ್ರಕಟಿತ ಸೇತುವೆ-ಕೋಷ್ಟಕಗಳಿವೆ. 2012ರಲ್ಲಿ ಬಂದದ್ದು ಬಹಳ ಕಾಲ ಬಳಕೆಯಲ್ಲಿತ್ತು. ಚಿಕಿತ್ಸೆಗಳ ಮೌಲ್ಯಮಾಪನ ಮಾಡುವ ಇಂಗ್ಲೆಂಡಿನ ನೈಸ್ ಸಂಸ್ಥೆ ತನ್ನ 2022ರ ಕೈಪಿಡಿಯಲ್ಲಿ ಬೇರೆಯದೊಂದನ್ನು ಸೂಚಿಸಿತು. ಭಾರತದ ಪಟ್ಟಿ ಬಳಸುವವರಿಗೆ ಇವು ಬೇಕಾಗುವುದು ಅಪರೂಪ.

ನಾವು ಇಕ್ಯೂ-5ಡಿ ಕೇಳಿಯೇ ಇಲ್ಲ. ಎಸ್ಎಫ್-36 (36 ಪ್ರಶ್ನೆಗಳ ಸಾಮಾನ್ಯ ಆರೋಗ್ಯ ಪ್ರಶ್ನಾವಳಿ) ಅಥವಾ ಕ್ಯೂಎಲ್‌ಕ್ಯೂ-ಸಿ30 ಮಾತ್ರ ಇದೆ. ಈಗೇನು ಮಾಡುವುದು?

ಮೊದಲು ಒಂದನ್ನು ನೋಡಿ: ಪ್ರತಿ ಪ್ರಶ್ನೆಯ ಮೂಲ ಉತ್ತರ ನಿಮ್ಮಲ್ಲಿ ಉಳಿದಿದೆಯೇ, ಅಥವಾ ಎಕ್ಸೆಲ್‌ನಲ್ಲಿ ಬರೀ ಭಾಗವಾರು ಒಟ್ಟು ಅಂಕವಿದೆಯೇ? ಮೂಲ ಉತ್ತರ ಇದ್ದರೆ ದಾರಿ ಸುಲಭ. ಎಸ್ಎಫ್-36ರ 11 ಪ್ರಶ್ನೆಗಳಿಂದ ಎಸ್ಎಫ್-6ಡಿ ಎಂಬ ಆರು ಆಯಾಮಗಳ ಸ್ಥಿತಿ ಕಟ್ಟಬಹುದು, ಅದಕ್ಕೆ ತನ್ನದೇ ಮೌಲ್ಯಪಟ್ಟಿ ಇದೆ. ಕ್ಯೂಎಲ್‌ಕ್ಯೂ-ಸಿ30ರ 13 ಪ್ರಶ್ನೆಗಳಿಂದ ಕ್ಯೂಎಲ್‌ಯು-ಸಿ10ಡಿ ಸಿಗುತ್ತದೆ. ಅಮೆರಿಕದ ಪ್ರಾಮಿಸ್ ಎಂಬ ಆರೋಗ್ಯ ಅಳತೆಗಳಿಗೆ ಪ್ರೊಪರ್ ಎಂಬ ಏಳು ಭಾಗಗಳ ಅಂಕ ಇದೆ. ಇವೆಲ್ಲ ರೋಗಿಯ ಉತ್ತರಕ್ಕೆ ನೇರವಾಗಿ ಬೆಲೆ ಕಟ್ಟುವ ವಿಧಾನಗಳು, ನಡುವೆ ಊಹೆಯ ಮೆಟ್ಟಿಲಿಲ್ಲ.

ಆದರೆ ಈ ಅಂಕಗಳು ಇಕ್ಯೂ-5ಡಿ ಅಂಕಕ್ಕೆ ಸಮವಲ್ಲ. ಎಸ್ಎಫ್-6ಡಿಯ ಮೊದಲ ಆವೃತ್ತಿಯಲ್ಲಿ ಅತಿ ಕೆಟ್ಟ ಸ್ಥಿತಿಗೂ ಸುಮಾರು 0.30 ಸಿಗುತ್ತದೆ, ಬ್ರಿಟನ್ನಿನ ಇಕ್ಯೂ-5ಡಿ-3ಎಲ್‌ನಲ್ಲಿ ಅದು −0.594. ತೀವ್ರ ಕಾಯಿಲೆಯವರಲ್ಲಿ ಎಸ್ಎಫ್-6ಡಿ ಅಂಕ ಮೇಲಿರುತ್ತದೆ, ಸುಧಾರಣೆ ಕಿರಿದಾಗಿ ಕಾಣುತ್ತದೆ.

ಮೇಲಿನದ್ಯಾವುದೂ ಆಗದಿದ್ದಾಗ ಮ್ಯಾಪಿಂಗ್ ಕಡೆ ಬನ್ನಿ.

ಮ್ಯಾಪಿಂಗ್ ಎಂದರೇನು?

ಎರಡೂ ಪ್ರಶ್ನಾವಳಿಗಳನ್ನು ತುಂಬಿದ ರೋಗಿಗಳ ಒಂದು ಗುಂಪು ಬೇಕು. ಆ ಗುಂಪಿನಲ್ಲಿ, ಉದಾಹರಣೆಗೆ, ಆಕ್ಸ್‌ಫರ್ಡ್ ಮಂಡಿ ಅಂಕಕ್ಕೂ (12 ಪ್ರಶ್ನೆ, 0–48) ಇಕ್ಯೂ-5ಡಿಗೂ ಇರುವ ಸಂಬಂಧವನ್ನು ಸಂಖ್ಯಾಶಾಸ್ತ್ರದ ಮಾದರಿಯಿಂದ ಹಿಡಿಯುತ್ತಾರೆ. ಬಳಿಕ ಮಂಡಿ ಅಂಕ ಮಾತ್ರ ಇರುವ ಇನ್ನೊಂದು ಗುಂಪಿಗೆ ಆ ಸೂತ್ರ ಹಚ್ಚಿ ಯುಟಿಲಿಟಿ ಅಂದಾಜು ಮಾಡುತ್ತಾರೆ.

ದಾರಿ ಎರಡು. ಒಂದು, ಅಂಕವನ್ನೇ ನೇರವಾಗಿ ಊಹಿಸುವುದು. ಇನ್ನೊಂದು, ಐದು ಆಯಾಮಗಳ ಉತ್ತರ ಯಾವ ಹಂತದಲ್ಲಿರಬಹುದು ಎಂಬ ಸಂಭವನೀಯತೆ ಲೆಕ್ಕ ಹಾಕಿ, ನಂತರ ಮೌಲ್ಯಪಟ್ಟಿಯನ್ನು ಜೋಡಿಸುವುದು. ಭಾರತದಲ್ಲಿ ಕೆಲಸ ಮಾಡುವವರಿಗೆ ನಮ್ಮ ಶಿಫಾರಸು ಎರಡನೆಯದು: ಹೊರದೇಶದ ದತ್ತಾಂಶದಿಂದ ತಯಾರಾದ ಸೂತ್ರವಾದರೂ ಕೊನೆಯ ಮೆಟ್ಟಿಲಿನಲ್ಲಿ ಭಾರತದ ಮೌಲ್ಯಪಟ್ಟಿಯನ್ನು ಕೂರಿಸಬಹುದು. ನೇರವಾಗಿ ಅಂಕ ಊಹಿಸುವ ಸೂತ್ರದಲ್ಲಿ ಹೊರದೇಶದ ಪಟ್ಟಿ ಒಳಗೇ ಬೆಸೆದುಕೊಂಡಿರುತ್ತದೆ, ಬಿಡಿಸಿ ತೆಗೆಯಲಾಗದು. ಆದರೆ ಸೂತ್ರವೂ ಪಟ್ಟಿಯೂ ಒಂದೇ ರೂಪದವಾಗಿರಬೇಕು. 3ಎಲ್ ಉತ್ತರ ಊಹಿಸುವ ಸೂತ್ರಕ್ಕೆ 5ಎಲ್ ಪಟ್ಟಿ ಹೊಂದುವುದಿಲ್ಲ.

ಸಾಮಾನ್ಯ ಲೀನಿಯರ್ ರಿಗ್ರೆಷನ್ (ನೇರ ಗೆರೆ ಎಳೆದು ಊಹಿಸುವ ವಿಧಾನ) ಸಾಕಾಗುವುದಿಲ್ಲವೇ?

ಹೆಚ್ಚಾಗಿ ಸಾಕಾಗುವುದಿಲ್ಲ. ಕಾರಣಗಳನ್ನು ವಿವರವಾಗಿ ತಿಳಿಯುವುದು ಒಳ್ಳೆಯದು, ಏಕೆಂದರೆ ಮ್ಯಾಪಿಂಗ್ ಕೆಡುವುದು ಬಹುಪಾಲು ಇಲ್ಲೇ.

ಯುಟಿಲಿಟಿ ಅಂಕಗಳ ಹರಡುವಿಕೆ ಗಂಟೆಯಾಕಾರದಲ್ಲಿ ಇರುವುದಿಲ್ಲ. ಬಹಳ ಜನ 11111 ಎಂದು ಉತ್ತರಿಸಿ ಸರಿಯಾಗಿ 1ರಲ್ಲಿ ಗುಂಪಾಗುತ್ತಾರೆ. ಅದರ ಕೆಳಗೆ ಖಾಲಿ ಜಾಗ: ಬ್ರಿಟನ್ನಿನ 3ಎಲ್ ಪಟ್ಟಿಯಲ್ಲಿ 1ರ ನಂತರದ ಅಂಕ 0.883, ನಡುವೆ ಏನೂ ಇಲ್ಲ. ಇನ್ನೂ ಕೆಳಗೆ ಒಂದು ಗುಡ್ಡೆ. ನೋವೋ ಇನ್ನೊಂದೋ 3ನೇ ಹಂತ ಮುಟ್ಟಿದ ಕೂಡಲೇ ಅಂಕ ಜಾರುವುದರಿಂದ ಸೊನ್ನೆಯ ಆಸುಪಾಸಿನಲ್ಲಿ ಮತ್ತೊಂದು ಗುಡ್ಡೆ. ಇಂಥ ಆಕಾರದ ಮೇಲೆ ಒಂದೇ ನೇರ ಗೆರೆ ಎಳೆದರೆ ಅದು ಖಾಲಿ ಜಾಗದಲ್ಲೂ ಅಂಕ ಊಹಿಸುತ್ತದೆ, ಕೆಲವೊಮ್ಮೆ 1ನ್ನೂ ದಾಟುತ್ತದೆ.

ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಊಹಿಸಿದ ಅಂಕಗಳು ಸರಾಸರಿಯ ಕಡೆ ಎಳೆಯಲ್ಪಡುತ್ತವೆ. ತುಂಬ ಕಾಯಿಲೆಯವರಿಗೆ ನಿಜಕ್ಕಿಂತ ಹೆಚ್ಚು, ಆರೋಗ್ಯವಂತರಿಗೆ ನಿಜಕ್ಕಿಂತ ಕಡಿಮೆ. ಪರಿಣಾಮವಾಗಿ ತೀವ್ರ ಸ್ಥಿತಿಯಿಂದ ಒಳ್ಳೆಯ ಸ್ಥಿತಿಗೆ ತರುವ ಚಿಕಿತ್ಸೆಯ ಲಾಭ ಕುಗ್ಗಿ ಕಾಣುತ್ತದೆ. ಅತಿ ಹೆಚ್ಚು ನರಳುವವರಿಗೆ ನೆರವಾಗುವ ಚಿಕಿತ್ಸೆಗೇ ಪೆಟ್ಟು. ಲೆಕ್ಕದ ಸಣ್ಣ ದೋಷವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಯಾವ ಚಿಕಿತ್ಸೆಗೆ ಸರ್ಕಾರದ ಹಣ ಸಿಗಬೇಕೆಂಬ ತೀರ್ಮಾನವನ್ನೇ ಇದು ತಿರುಗಿಸಬಲ್ಲದು.

ಹಲವು ಗುಡ್ಡೆಗಳನ್ನು ಹಿಡಿಯಬಲ್ಲ ಮಿಶ್ರ ಮಾದರಿಗಳು ಈ ತೊಂದರೆಯನ್ನು ಗಣನೀಯವಾಗಿ ತಗ್ಗಿಸುತ್ತವೆ. ಇಕ್ಯೂ-5ಡಿಗೆಂದೇ ರೂಪಿಸಿದ ಎಎಲ್‌ಡಿವಿಎಂಎಂ ಎಂಬ ಮಾದರಿ ಸ್ಟೇಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಅದೇ ಹೆಸರಿನ ಆಜ್ಞೆಯಾಗಿ ಸಿಗುತ್ತದೆ. ಎರಡು, ಮೂರು, ನಾಲ್ಕು ಗುಂಪುಗಳನ್ನಿಟ್ಟು ಓಡಿಸಿ ನೋಡಿ. ಆರಂಭಿಕ ಬೆಲೆಗಳನ್ನು ಬದಲಿಸಿ ಹಲವು ಸಲ ಓಡಿಸಿ, ಇಲ್ಲದಿದ್ದರೆ ಮಾದರಿ ಅರ್ಧದಾರಿಯ ದಿಬ್ಬದಲ್ಲೇ ನಿಂತು ಉತ್ತರ ಸಿಕ್ಕಿತೆಂದು ಹೇಳಬಹುದು.

ಮಾದರಿ ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ? ಆರ್-ವರ್ಗ (ಅಂಕಗಳ ಏರಿಳಿತದಲ್ಲಿ ಮಾದರಿ ವಿವರಿಸುವ ಪಾಲು) ಎಷ್ಟಿರಬೇಕು?

ಆರ್-ವರ್ಗವನ್ನು ನೆಚ್ಚಿಕೊಳ್ಳಬೇಡಿ. ರೋಗಿಗಳನ್ನು ಮೂಲ ಪ್ರಶ್ನಾವಳಿಯ ಅಂಕದ ಪ್ರಕಾರ ಐದಾರು ಗುಂಪು ಮಾಡಿ, ಪ್ರತಿ ಗುಂಪಿನ ನಿಜ ಸರಾಸರಿಯನ್ನೂ ಊಹಿತ ಸರಾಸರಿಯನ್ನೂ ಅಕ್ಕಪಕ್ಕ ಇಡಿ. ತೀವ್ರ ಗುಂಪಿನಲ್ಲಿ ಎರಡೂ ಹತ್ತಿರವಿದ್ದರೆ ಮಾದರಿ ಕೆಲಸಕ್ಕೆ ಬರುತ್ತದೆ. ಸರಾಸರಿ ದೋಷವನ್ನು ವರದಿ ಮಾಡಿ, ಆದರೆ ಇಡೀ ಮಾದರಿಗೆ ಒಂದೇ ಅಂಕಿ ಕೊಟ್ಟರೆ ತುದಿಗಳ ದೋಷ ಅದರಲ್ಲಿ ಮುಚ್ಚಿಹೋಗುತ್ತದೆ. ಸಾಧ್ಯವಾದರೆ ಬೇರೊಂದು ಆಸ್ಪತ್ರೆಯ ದತ್ತಾಂಶದ ಮೇಲೆ ಪರೀಕ್ಷಿಸಿ.

ಪ್ರಕಟವಾದ ಸೂತ್ರವೊಂದು ಸಿಕ್ಕಿದೆ. ನೇರ ಬಳಸಬಹುದೇ?

ನಾಲ್ಕು ಸಂಗತಿ ನೋಡಿ. ನಿಮ್ಮ ರೋಗಿಗಳ ವಯಸ್ಸು ಮತ್ತು ಕಾಯಿಲೆಯ ತೀವ್ರತೆ ಆ ಸೂತ್ರದ ಮೂಲ ಗುಂಪಿನ ವ್ಯಾಪ್ತಿಯೊಳಗಿದೆಯೇ? ಅದು ಊಹಿಸುವುದು 3ಎಲ್ ಅಂಕವನ್ನೋ 5ಎಲ್ ಅಂಕವನ್ನೋ, ಯಾವ ದೇಶದ ಪಟ್ಟಿಯಿಂದ? ಸೂತ್ರಕ್ಕೆ ಬೇಕಾದ ಎಲ್ಲ ಅಂಶಗಳೂ ನಿಮ್ಮ ಬಳಿ ಇವೆಯೇ, ಅದೇ ದಿಕ್ಕಿನಲ್ಲಿ ಇವೆಯೇ? ಎರಡೂ ಪ್ರಶ್ನಾವಳಿಗಳು ಒಂದೇ ಬಗೆಯ ತೊಂದರೆಗಳನ್ನು ಕೇಳುತ್ತವೆಯೇ? ಕಣ್ಣು, ಕಿವಿಯ ಕಾಯಿಲೆಗಳಲ್ಲಿ ಕೊನೆಯದು ಕಷ್ಟ: ಇಕ್ಯೂ-5ಡಿಯಲ್ಲಿ ದೃಷ್ಟಿಯ ಬಗ್ಗೆಯೂ ಶ್ರವಣದ ಬಗ್ಗೆಯೂ ಪ್ರಶ್ನೆಯೇ ಇಲ್ಲ. ಸಂಬಂಧವೇ ತೆಳುವಾದ ಕಡೆ ಯಾವ ಮಾದರಿಯೂ ಅದನ್ನು ಸೃಷ್ಟಿಸಲಾರದು.

ಸೂತ್ರವನ್ನು ತಿರುಗಿಸಿ ಬಳಸುವುದು ಕೂಡದು. ಮಂಡಿ ಅಂಕದಿಂದ ಯುಟಿಲಿಟಿ ಊಹಿಸುವ ಸಮೀಕರಣವನ್ನು ಹಿಂದುಮುಂದು ಮಾಡಿ ಯುಟಿಲಿಟಿಯಿಂದ ಮಂಡಿ ಅಂಕ ತೆಗೆಯಲಾಗದು.

ಊಹಿತ ಅಂಕಗಳ ಮೇಲೆ ನೇರವಾಗಿ ಟಿ-ಪರೀಕ್ಷೆ ಮಾಡಬಹುದೇ?

ಮಾಡಿದರೆ ಪಿ-ಮೌಲ್ಯ ಸುಳ್ಳಾಗಿ ಚಿಕ್ಕದಾಗುತ್ತದೆ. ಊಹಿತ ಅಂಕಗಳ ಏರಿಳಿತ ನಿಜವಾದ ಅಂಕಗಳದ್ದಕ್ಕಿಂತ ಕಡಿಮೆ. ಸೂತ್ರದ ಗುಣಾಂಕಗಳಲ್ಲಿರುವ ಅನಿಶ್ಚಿತತೆಯನ್ನೂ, ಒಬ್ಬೊಬ್ಬ ರೋಗಿಯ ಉಳಿಕೆ ವ್ಯತ್ಯಾಸವನ್ನೂ ಸೇರಿಸಿ ಅನೇಕ ಸಲ ಅಂಕ ಎಳೆದು, ಆ ಎಲ್ಲ ಫಲಿತಾಂಶಗಳನ್ನು ಒಟ್ಟುಗೂಡಿಸಬೇಕು. ಇದಕ್ಕೆ ಗುಣಾಂಕಗಳ ಜೊತೆ ಅವುಗಳ ಸಹವ್ಯತ್ಯಯ ಕೋಷ್ಟಕವೂ ಬೇಕು. ಪ್ರಬಂಧದಲ್ಲಿ ಇಲ್ಲದಿದ್ದರೆ ಲೇಖಕರಿಗೆ ಬರೆದು ಕೇಳಿ. ಒಬ್ಬ ರೋಗಿಯ ಚಿಕಿತ್ಸೆ ನಿರ್ಧರಿಸಲು ಊಹಿತ ಅಂಕವನ್ನು ಎಂದಿಗೂ ಬಳಸಬೇಡಿ. ಅದು ಗುಂಪಿನ ಸರಾಸರಿಗೆ ಮಾತ್ರ.

ಕೆಲವು ಪ್ರಶ್ನೆಗಳಿಗೆ ಉತ್ತರ ಬಿಟ್ಟಿದ್ದಾರೆ.

ಇಕ್ಯೂ-5ಡಿಯಲ್ಲಿ ಒಂದು ಆಯಾಮ ಬಿಟ್ಟರೂ ಅಂಕ ಸಿಗದು. ಖಾಲಿ ಜಾಗಕ್ಕೆ 1 ತುಂಬುವುದು ತಪ್ಪು. ಹಾಸಿಗೆ ಹಿಡಿದವರೇ ಓಡಾಟದ ಪ್ರಶ್ನೆ ಬಿಟ್ಟಿರಬಹುದು. ಕ್ಯೂಎಲ್‌ಕ್ಯೂ-ಸಿ30ರಲ್ಲಿ ಒಂದು ಭಾಗದ ಕನಿಷ್ಠ ಅರ್ಧ ಪ್ರಶ್ನೆಗಳಿಗೆ ಉತ್ತರವಿದ್ದರೆ ಅವುಗಳ ಸರಾಸರಿಯಿಂದ ಅಂಕ ತೆಗೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಬ್ರೆಫ್ ಪ್ರಶ್ನಾವಳಿಯಲ್ಲಿ ಶೇ 20ಕ್ಕಿಂತ ಹೆಚ್ಚು ಬಿಟ್ಟಿದ್ದರೆ ಆ ಕಾಗದವನ್ನೇ ಕೈಬಿಡಬೇಕು. ಅದರ 3, 4 ಮತ್ತು 26ನೇ ಪ್ರಶ್ನೆಗಳನ್ನು ತಿರುವಿ ಎಣಿಸುವುದನ್ನು ಮರೆಯಬೇಡಿ. ಖಾಲಿ ಉತ್ತರಕ್ಕೆ 9 ಎಂಬ ಸಂಕೇತ ಕೊಟ್ಟಿದ್ದರೆ ಲೆಕ್ಕಕ್ಕೆ ಮೊದಲು ತೆಗೆಯಿರಿ.

ತೀರಿಕೊಂಡವರ ಉತ್ತರವನ್ನು ‘ಬಿಟ್ಟುಹೋದದ್ದು’ ಎಂದು ಪರಿಗಣಿಸಬಾರದು. ಸಾವಿನ ದಿನದಿಂದ ಅವರ ಅಂಕ 0. ಅವರನ್ನು ಲೆಕ್ಕದಿಂದ ಹೊರಗಿಟ್ಟರೆ ಹೆಚ್ಚು ಸಾವು ಕಂಡ ಚಿಕಿತ್ಸೆಯೇ ಉತ್ತಮವೆಂದು ತೋರಬಹುದು.

ಕನ್ನಡದಲ್ಲಿ ಕೇಳುವಾಗ ಯಾವ ಎಚ್ಚರ ಬೇಕು?

ಇಕ್ಯೂ-5ಡಿ-5ಎಲ್‌ಗೂ ಕ್ಯೂಎಲ್‌ಕ್ಯೂ-ಸಿ30ಗೂ ಅಧಿಕೃತ ಕನ್ನಡ ಆವೃತ್ತಿಗಳಿವೆ. ನೀವೇ ಅನುವಾದಿಸಬೇಡಿ. ಇಕ್ಯೂ-5ಡಿಗೆ ಅದನ್ನು ರೂಪಿಸಿದ ಯೂರೋಕ್ವಾಲ್ ಸಂಸ್ಥೆಯ ಜಾಲತಾಣದಲ್ಲಿ ಅಧ್ಯಯನ ನೋಂದಾಯಿಸಿ ಕೇಳಿ. ಓದಲು ಬಾರದವರಿಗೆ ಸಂದರ್ಶಕರೇ ಓದಿ ಹೇಳುವ ರೂಪ ಬೇರೆ ಇದೆ, ಅದನ್ನೇ ತರಿಸಿ. ಐದೂ ಆಯ್ಕೆಗಳನ್ನು ಪೂರ್ತಿ ಓದಬೇಕು. ‘ನೋವು ಇದೆಯಾ ಅಮ್ಮ?’ ಎಂದು ಕೇಳಿ, ‘ಸ್ವಲ್ಪ’ ಎಂದೊಡನೆ 2 ಬರೆದುಕೊಂಡರೆ ಆ ಉತ್ತರ ಸಂದರ್ಶಕರದ್ದಾಗುತ್ತದೆ. ಅರ್ಥವಾಗದಿದ್ದರೆ ಪ್ರಶ್ನೆಯನ್ನು ಮತ್ತೊಮ್ಮೆ ಹಾಗೆಯೇ ಓದಿ, ಸ್ವಂತ ಉದಾಹರಣೆ ಸೇರಿಸಬೇಡಿ.

ಮಗನೋ ಸೊಸೆಯೋ ಪಕ್ಕದಲ್ಲಿ ನಿಂತಿರುವಾಗ ಆತಂಕ, ಖಿನ್ನತೆಯ ಬಗ್ಗೆ ಹಿರಿಯರು ಬಾಯಿ ಬಿಡುವುದು ಕಷ್ಟ. ಆ ಐದು ನಿಮಿಷ ಅವರೊಬ್ಬರೇ ಇರುವಂತೆ ವ್ಯವಸ್ಥೆ ಮಾಡಿ. ರೋಗಿ ಉತ್ತರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಮನೆಯವರನ್ನು ಕೇಳಿ, ಯಾರು ಉತ್ತರಿಸಿದರೆಂದು ದಾಖಲಿಸಿ. ಮಕ್ಕಳಿಗೆ ಇಕ್ಯೂ-5ಡಿ-ವೈ ಬೇರೆ. ಅದಕ್ಕೆ ದೊಡ್ಡವರ ಮೌಲ್ಯಪಟ್ಟಿ ಸಲ್ಲದು.

ಎಷ್ಟು ಬದಲಾದರೆ ರೋಗಿಗೆ ಅರ್ಥಪೂರ್ಣ?

2005ರ ಒಂದು ಹೋಲಿಕೆಯಲ್ಲಿ, ರೋಗಿಗೆ ಅರ್ಥಪೂರ್ಣವಾದ ಕನಿಷ್ಠ ಬದಲಾವಣೆ ಬ್ರಿಟನ್ನಿನ ಇಕ್ಯೂ-5ಡಿಗೆ ಸರಾಸರಿ 0.074, ಎಸ್ಎಫ್-6ಡಿಗೆ 0.041 ಎಂದು ಬಂತು. ಕಾಯಿಲೆ, ಮೌಲ್ಯಪಟ್ಟಿ ಬದಲಾದಂತೆ ಈ ಅಂಕಿಯೂ ಬದಲಾಗುತ್ತದೆ. ಭಾರತದ ಪಟ್ಟಿಗೆ 0.074ನ್ನು ಹಾಗೆಯೇ ಹೊರಿಸಬೇಡಿ.

ಇದರಿಂದ ಕ್ವಾಲಿ ಹೇಗೆ ಬರುತ್ತದೆ?

ಅಂಕವನ್ನು ಕಾಲದಿಂದ ಗುಣಿಸಿ. ಆರಂಭದಲ್ಲಿ 0.60, ಮೂರು ತಿಂಗಳಿಗೆ 0.70, ಒಂದು ವರ್ಷಕ್ಕೆ 0.80 ಇದ್ದರೆ: ಮೊದಲ ಕಾಲು ವರ್ಷದ ಸರಾಸರಿ 0.65, ಅದು 0.1625 ಕ್ವಾಲಿ. ಉಳಿದ ಮುಕ್ಕಾಲು ವರ್ಷದ ಸರಾಸರಿ 0.75, ಅದು 0.5625. ಒಟ್ಟು 0.725. ಮೂರು ಅಂಕಗಳನ್ನು ಸುಮ್ಮನೆ ಕೂಡಿ ಮೂರರಿಂದ ಭಾಗಿಸಿದರೆ 0.70 ಬರುತ್ತದೆ, ಅದು ತಪ್ಪು. ಎರಡು ಗುಂಪುಗಳನ್ನು ಹೋಲಿಸುವಾಗ ಆರಂಭದ ಅಂಕವನ್ನು ರಿಗ್ರೆಷನ್‌ನಲ್ಲಿ ಸೇರಿಸಿ. ಆರಂಭದಲ್ಲೇ ಇದ್ದ 0.03ರಷ್ಟು ವ್ಯತ್ಯಾಸವೂ ಚಿಕಿತ್ಸೆಯ ಲಾಭದಂತೆ ಕಾಣಬಲ್ಲದು.

ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಲ್ಲಿ ಆರಂಭವಾದ ಎಚ್‌ಟಿಎಐಎನ್‌ನಂಥ ಸಂಸ್ಥೆಗಳು ಚಿಕಿತ್ಸೆ, ತಂತ್ರಜ್ಞಾನಗಳ ವೆಚ್ಚ ಮತ್ತು ಫಲವನ್ನು ತೂಗುವ ಮೌಲ್ಯಮಾಪನಗಳಲ್ಲಿ ಈ ಕ್ವಾಲಿಯೇ ಫಲದ ಅಳತೆ.

ವರದಿಯಲ್ಲಿ ಏನೇನು ಬರೆಯಬೇಕು?

ಪ್ರಶ್ನಾವಳಿಯ ಆವೃತ್ತಿ, ಭಾಷೆ, ಕೇಳಿದ ವಿಧಾನ, ಮೌಲ್ಯಪಟ್ಟಿಯ ದೇಶ ಮತ್ತು ವರ್ಷ, ಬಿಟ್ಟ ಉತ್ತರಗಳ ಪ್ರಮಾಣ, ಪ್ರತಿ ಆಯಾಮದ ಹಂತವಾರು ಶೇಕಡಾವಾರು. ಮ್ಯಾಪಿಂಗ್ ಆಗಿದ್ದರೆ ಮ್ಯಾಪಿಂಗ್ ಅಧ್ಯಯನಗಳ ವರದಿಗೆಂದೇ ಬಂದ 2015ರ ಮ್ಯಾಪ್ಸ್ ಹೇಳಿಕೆಯ 23 ಅಂಶಗಳನ್ನು ಪಾಲಿಸಿ. ವಿಶ್ಲೇಷಣೆಗೆ ಮುನ್ನ ನಿಮ್ಮ ಎಕ್ಸೆಲ್ ಅಥವಾ ಆರ್ ತಂತ್ರಾಂಶದ ಸೂತ್ರಕ್ಕೆ 11111 ಮತ್ತು 55555 ಹಾಕಿ ನೋಡಿ. ಭಾರತದ ಪಟ್ಟಿಯಲ್ಲಿ 1 ಮತ್ತು −0.923 ಬರದಿದ್ದರೆ ಎಲ್ಲೋ ಕಾಲಂ ಅದಲುಬದಲಾಗಿದೆ ಅಥವಾ ಪಟ್ಟಿಯೇ ಬೇರೆ.

ಇನ್ನೂ ದತ್ತಾಂಶ ಸಂಗ್ರಹ ಶುರುವಾಗಿಲ್ಲದಿದ್ದರೆ, ನಿಮ್ಮ ಕಾಯಿಲೆಯ ಪ್ರಶ್ನಾವಳಿಯ ಜೊತೆಗೆ ಇಕ್ಯೂ-5ಡಿ-5ಎಲ್‌ನ ಆ ಐದು ಪ್ರಶ್ನೆಗಳನ್ನೂ ಈಗಲೇ ಸೇರಿಸಿ. ತುಂಬಲು ಕೆಲವೇ ನಿಮಿಷ ಸಾಕು, ಮ್ಯಾಪಿಂಗ್‌ನ ಗೊಡವೆಯೇ ಇರುವುದಿಲ್ಲ. ಎರಡೂ ಇರುವ ಭಾರತೀಯ ರೋಗಿಗಳ ದತ್ತಾಂಶದಿಂದ ಮುಂದಿನವರು ಇಲ್ಲಿಯದೇ ಸೂತ್ರಗಳನ್ನು ಕಟ್ಟಲೂಬಹುದು.